ಬ್ರಿಲಿಯಂಟ್ ಎಂಬ ಮಾತು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಆ ಪದ 'ಬ್ರಿಲಿಯಂಟ್'. ಉರ್ದು, ಕನ್ನಡ ಕಲಿಸುವವಳಿಗೆ ಇದರ ಉಸಾಬರಿ ಏಕೆ ಎಂದು ಕೇಳಬಹುದು. ಈ ಪದ ಈಗ ಇಂಗ್ಲಿಷಿನವರದ್ದಾಗಿ ಉಳಿದಿಲ್ಲ, ಅದಕ್ಕೇ. ಗುಂಡ್ಲುಪೇಟೆಯ ಸಂತೆಯಲ್ಲಿ ಸಿಕ್ಕ ತಾಯಿಯೊಬ್ಬರು "ದೊಡ್ಡವಳು ಬ್ರಿಲಿಯಂಟ್ ಟೀಚರ್, ಚಿಕ್ಕವನೇ ಡಲ್ಲು" ಎಂದರು. ಚಿಕ್ಕವನು ತರಕಾರಿ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದ.

ನಾನೂ ಅವನ ಹಾಗೆ ನಿಂತವಳೇ. ಏಳನೇ ತರಗತಿಯಲ್ಲಿ ನಮ್ಮ ಗಣಿತದ ಮೇಷ್ಟ್ರು ಬ್ರಿಲಿಯಂಟ್ ಸಾಲು, ಡಲ್ ಸಾಲು ಎಂದು ಬೆಂಚುಗಳನ್ನೇ ಎರಡು ಭಾಗ ಮಾಡಿದ್ದರು. ಶಾಲೆಯ ಹೆಸರು ಬೇಡ. ಮಗ್ಗಿಯನ್ನು ಮನೆಯಲ್ಲಿ ಉರ್ದುವಿನಲ್ಲಿ ಬಾಯಿಪಾಠ ಮಾಡಿದ್ದೆ. ಪ್ರಶ್ನೆ ಕನ್ನಡದಲ್ಲಿ ಬರುತ್ತಿತ್ತು. ತಲೆಯೊಳಗೆ ಅದನ್ನು ತಿರುಗಿಸಿಕೊಂಡು ಉತ್ತರ ಹೇಳುವಷ್ಟರಲ್ಲಿ ಬೇರೆಯವರು ಹೇಳಿಬಿಡುತ್ತಿದ್ದರು. ವರ್ಷವಿಡೀ ಡಲ್ ಸಾಲಿನಲ್ಲೇ ಕುಳಿತೆ. ಇಷ್ಟಾದರೂ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನೂ ಮಕ್ಕಳನ್ನು ಅದೇ ಎರಡು ಪದಗಳಿಂದ ಕರೆದಿದ್ದೇನೆ ಎಂದು ಒಪ್ಪಿಕೊಳ್ಳಬೇಕು.

ಹಾಗಾದರೆ ಬ್ರಿಲಿಯಂಟ್ ಎಂದರೇನು? ಮೊದಲ ಅರ್ಥ, ಹೊಳೆಯುವಂಥದ್ದು. ಜಾಣ ಎಂಬ ಅರ್ಥ ಆಮೇಲಿನದು. ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಒಳ್ಳೆಯ ಕ್ಯಾಚು ಬ್ರಿಲಿಯಂಟ್. ಇಂಗ್ಲೆಂಡಿನವರು ಟೀ ಚೆನ್ನಾಗಿದ್ದರೂ ಬ್ರಿಲಿಯಂಟ್ ಎನ್ನುತ್ತಾರಂತೆ. ಮಿಠಾಯಿಗೆ ಹಾಕುವ ಒಂದು ನೀಲಿ ಬಣ್ಣದ ಹೆಸರು ಬ್ರಿಲಿಯಂಟ್ ಬ್ಲೂ. ಹಳೆಯ ಮುದ್ರಕರಲ್ಲಿ ಮೂರೂವರೆ ಪಾಯಿಂಟಿನ ಅತಿ ಸಣ್ಣ ಅಚ್ಚಿಗೂ ಇದೇ ಹೆಸರಿತ್ತು. ವಜ್ರದ ವ್ಯಾಪಾರಿಗಳಿಗೆ ಇದು ಒಂದು ಬಗೆಯ ಕೊರೆತ: ಒಂದು ಕಲ್ಲಿಗೆ 57 ಅಥವಾ 58 ಮುಖಗಳು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪದದ ವಂಶಾವಳಿ. ಇದು 17ನೇ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು, ಫ್ರೆಂಚಿಗೆ ಇಟಲಿಯಿಂದ. ಅದರ ಹಿಂದೆ ಬೆರಿಲ್ ಎಂಬ ರತ್ನದ ಹೆಸರು ಇರಬಹುದು ಎಂದು ನಿಘಂಟುಕಾರರು ಊಹಿಸುತ್ತಾರೆ. ಪಚ್ಚೆಯೂ ಬೆರಿಲ್ ಜಾತಿಯದೇ. ಬೆರಿಲ್ ಎಂಬ ಹೆಸರು ಮಾತ್ರ ಗ್ರೀಕರಿಗೆ ನಮ್ಮ ದೇಶದಿಂದಲೇ ಹೋದದ್ದು: ಪ್ರಾಕೃತದಲ್ಲಿ ವೇರುಲಿಯ, ಸಂಸ್ಕೃತದಲ್ಲಿ ವೈಡೂರ್ಯ. ದಕ್ಷಿಣದ ಯಾವುದೋ ವೇಲೂರು, ಬೇಲೂರಿನಿಂದ ಆ ಹೆಸರು ಹುಟ್ಟಿತು ಎನ್ನುವ ವಿದ್ವಾಂಸರೂ ಇದ್ದಾರೆ. ನಮ್ಮ ಉರ್ದುವಿನಲ್ಲಿ ಸ್ಫಟಿಕಕ್ಕೆ ಬಿಲ್ಲೌರ್ ಎನ್ನುತ್ತೇವಲ್ಲ, ಅದೂ ಇದೇ ಮನೆತನದ್ದು ಎನ್ನುತ್ತಾರೆ. ಜರ್ಮನರು ಕನ್ನಡಕಕ್ಕೆ ಬ್ರಿಲ್ಲೆ ಎನ್ನುವುದೂ ಈ ಬೆರಿಲ್ಲಿನಿಂದಲೇ.

ಇನ್ನೂ ಹತ್ತಿರ ಬನ್ನಿ. ಕ್ರಿ.ಶ. 2ನೇ ಶತಮಾನದಲ್ಲಿ ಭೂಗೋಳ ಬರೆದ ಟಾಲೆಮಿ (ಉರ್ದು ಪುಸ್ತಕಗಳ ಬತ್ಲೀಮೂಸ್) ದಕ್ಷಿಣ ಭಾರತದ ಊರುಗಳನ್ನು ಹೇಳುತ್ತಾ 'ಪುನ್ನಾಟ, ಅಲ್ಲಿ ಬೆರಿಲ್ ಸಿಗುತ್ತದೆ' ಎಂಬ ಅರ್ಥದ ಮಾತು ಬರೆದಿದ್ದಾನೆ. ಇತಿಹಾಸಕಾರರು ಇದನ್ನು ಪುನ್ನಾಟ ರಾಜ್ಯವೆಂದು ಗುರುತಿಸುತ್ತಾರೆ. ಅದರ ರಾಜಧಾನಿ ಕೀರ್ತಿಪುರ, ಅಂದರೆ ಕಬಿನಿ ತೀರದ ಕಿತ್ತೂರು. ನಮ್ಮ ಪಕ್ಕದ ಹೆಗ್ಗಡದೇವನಕೋಟೆಯ ಕಡೆಯದು. ಆ ಊಹೆ ನಿಜವಾದರೆ, ನಮ್ಮ ಮಕ್ಕಳಲ್ಲಿ ಕೆಲವರಿಗೆ ಮಾತ್ರ ಅಂಟಿಸುವ ಈ ಪದದ ಮೂಲದಲ್ಲಿರುವುದು ನಮ್ಮದೇ ಸೀಮೆಯಲ್ಲಿ ಅಗೆದ ಕಲ್ಲು.

ಟಾಲೆಮಿಗಿಂತ ಮೊದಲು, 1ನೇ ಶತಮಾನದಲ್ಲಿ, ರೋಮಿನ ಪ್ಲಿನಿ ಕೂಡ ಬೆರಿಲ್ ಬಗ್ಗೆ ಬರೆದ. ಇದು ಹೆಚ್ಚಾಗಿ ಭಾರತದ ಕಲ್ಲು, ಸುಮ್ಮನೆ ನುಣುಪಾಗಿ ಬಿಟ್ಟರೆ ಬಣ್ಣ ಮಂಕು, ಆದ್ದರಿಂದ ಕುಶಲಿಗಳು ಆರು ಮೂಲೆ ಬರುವಂತೆ ಕೊರೆಯುತ್ತಾರೆ, ಮೂಲೆಗಳಿಂದ ಬೆಳಕು ತಿರುಗಿ ಹೊಳಪು ಬರುತ್ತದೆ ಎನ್ನುತ್ತಾನೆ. ಮಂಕು ಎಂದರೆ ಡಲ್ಲು! ಎರಡು ಸಾಲಿನ ಬೆಂಚೂ ಒಂದೇ ಕಲ್ಲಿನಲ್ಲಿ ಇತ್ತು.

ಇದನ್ನು ನಾನು ಚಾಮರಾಜನಗರದಲ್ಲಿ ನನ್ನ ಒಂಬತ್ತನೇ ತರಗತಿಗೆ ಹೇಳಿದೆ. ಈ ಊರಿನ ಕರಿಕಲ್ಲು ವಿದೇಶಕ್ಕೆ ಹೋಗುವುದು ನಿಮಗೆ ಗೊತ್ತು. ಕ್ವಾರಿಯಿಂದ ಬಂದಾಗ ಅದು ಬೂದು ಬಣ್ಣದ ದೂಳು ಮೆತ್ತಿದ ಬಂಡೆ. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ನನ್ನ ಅಂಕಪಟ್ಟಿಯಲ್ಲಿ ಅವನ ಸ್ಥಾನ ಹೇಳಬೇಕಾಗಿಲ್ಲ. ಅವನ ಅಬ್ಬಾ ಕಲ್ಲು ಪಾಲಿಶ್ ಕೆಲಸದವರು. ಅವನು ತಾನಾಗಿ ಎದ್ದು, ಮೊದಲು ಒರಟು ಕಲ್ಲಿನಿಂದ ಉಜ್ಜಬೇಕು, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು, ನೀರು ನಿಲ್ಲಿಸಬಾರದು, ಒಂದು ನಂಬರು ಬಿಟ್ಟು ಮುಂದಕ್ಕೆ ಹೋದರೆ ಗೀರು ಹಾಗೇ ಉಳಿಯುತ್ತದೆ ಎಂದು ಉರ್ದುವಿಗೆ ಕನ್ನಡ ಬೆರೆಸಿ ಹೇಳತೊಡಗಿದ. ಮುಂದಿನ ಬೆಂಚಿನವರು ತಿರುಗಿ ಕುಳಿತು ಕೇಳಿದರು. ಗಂಟೆ ಹೊಡೆಯಿತು. ನಾನು ಪುಸ್ತಕ ಎತ್ತಿಕೊಂಡೆ.

"ಟೀಚರ್, ಕೊನೇ ನಂಬರು ಹೇಳಿಯೇ ಇಲ್ಲ" ಎಂದ.

ಮರುದಿನ ಮೊದಲ ಪೀರಿಯಡ್ ಅವನಿಗೆ ಬಿಟ್ಟುಕೊಟ್ಟೆ.