ಸೊಂಟಕ್ಕೆ ಬಲ ಎಲ್ಲಿಂದ?
(ಮಹಿಳಾ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ಈಗಷ್ಟೇ ಉಳಿತಾಯದ ಲೆಕ್ಕ ಮುಗಿಸಿ ನೀವೆಲ್ಲ ಚಹಾ ಕುಡಿಯಲು ಎದ್ದಿರಿ. ನಾನು ಮೂಲೆಯಲ್ಲಿ ನಿಂತು ನೀವು ಏಳುವುದನ್ನೇ ನೋಡುತ್ತಿದ್ದೆ. ಒಬ್ಬರು ನೆಲಕ್ಕೆ ಕೈ ಊರಿದರು, ಇನ್ನೊಬ್ಬರು ಪಕ್ಕದವರ ಹೆಗಲು ಹಿಡಿದರು, ಮೂರು ನಾಲ್ಕು ಜನ "ಅಯ್ಯೋ ದೇವರೇ" ಅಂದರು. ಏನೂ ಹಿಡಿಯದೆ ಎದ್ದವರು ಇಬ್ಬರೇ. ನಗಬೇಡಿ, ನಾನೂ ಗೋಡೆ ಹಿಡಿದು ಏಳುತ್ತಿದ್ದವಳೇ. ಎರಡು ವರ್ಷ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಊರೂರು ತಿರುಗಿದ್ದೇನೆ.

ನಿಮ್ಮ ಸಂಘದ ಪುಸ್ತಕ ತೆರೆದರೆ ಸೊಂಟನೋವಿಗೆಂದು ತೆಗೆದ ಸಾಲ ಕಾಣುತ್ತದೆ. ಇಂಜೆಕ್ಷನ್, ಎಕ್ಸ್‌ರೇ, ಬೆಲ್ಟ್, ತೈಲ. ಸಾಲ ತೀರುತ್ತದೆ, ನೋವು ಅಲ್ಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಬಹುಕಾಲದ ಸೊಂಟನೋವಿನ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ವ್ಯಾಯಾಮ ಮಾಡಿಸಿ ಎಂದಿದೆ; ಬೆಲ್ಟನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡಬೇಡಿ ಎಂದಿದೆ. (ಮೂಳೆ ಮುರಿದೋ ಆಪರೇಷನ್ ಆಗಿಯೋ ಡಾಕ್ಟರು ಕಟ್ಟಲು ಹೇಳಿದ್ದರೆ ಅದು ಬೇರೆ ಮಾತು. ನನ್ನ ಮಾತು ಕೇಳಿ ಬಿಚ್ಚಬೇಡಿ.)

"ಸಿಸ್ಟರ್, ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿವರೆಗೆ ಕೆಲಸವೇ. ನಮಗೆ ಇನ್ನು ಎಂತ ವ್ಯಾಯಾಮ?" ಈ ಪ್ರಶ್ನೆ ಪ್ರತಿ ಸಭೆಯಲ್ಲಿ ಬರುತ್ತದೆ, ನ್ಯಾಯವಾದ ಪ್ರಶ್ನೆಯೇ. ಆದರೆ ಕೆಲಸ ಯಾವುದು ನೋಡಿ. ಬೀಡಿ ಕಟ್ಟುವವರು ಮಡಿಲಲ್ಲಿ ಗೆರಸೆ ಇಟ್ಟು ಗಂಟೆಗಟ್ಟಲೆ ಮುಂದಕ್ಕೆ ಬಾಗಿ ಕುಳಿತಿರುತ್ತೀರಿ. ಬೆರಳು ದುಡಿಯುತ್ತದೆ, ಬೆನ್ನು ಸುಮ್ಮನೆ ಎಳೆಯಲ್ಪಡುತ್ತದೆ. ಆ ಹೊತ್ತಿನಲ್ಲಿ ಕುಂಡೆಯ ಸ್ನಾಯುವಿಗೆ ಏನೂ ಕೆಲಸವಿಲ್ಲ. ಆ ಪದ ಹೇಳಲು ನಮಗೆ ನಾಚಿಕೆ, ಅಲ್ವಾ? ಆದರೆ ದೇವರು ನಮ್ಮ ದೇಹದಲ್ಲಿ ಇಟ್ಟ ಅತಿ ದೊಡ್ಡ ಸ್ನಾಯು ಅದೇ. ಏಳಲು, ಮೆಟ್ಟಿಲು ಹತ್ತಲು, ಕೊಡಪಾನ ಎತ್ತಲು ಅದು ಬೇಕು. ಅದು ಸೋತರೆ ಅದರ ಪಾಲಿನ ಭಾರ ಸೊಂಟದ ಮೇಲೆ ಬೀಳುತ್ತದೆ.

ಹಾಗಾದರೆ ಯಾವ ವ್ಯಾಯಾಮ? ಟಿವಿಯಲ್ಲಿ, ಮೊಬೈಲಿನಲ್ಲಿ ನೂರಾರು ತೋರಿಸುತ್ತಾರೆ. ಗಡಗಡನೆ ಸೊಂಟ ತಿರುಗಿಸುವುದು, ಮಲಗಿ ಎರಡೂ ಕಾಲು ಒಟ್ಟಿಗೆ ಎತ್ತುವುದು ನಮಗೆ ಬೇಡ. ಮುಟ್ಟು ನಿಂತು ಮೂಳೆ ಸವೆದವರಿಗೆ ಜೋರಾಗಿ ಮುಂದಕ್ಕೆ ಬಾಗುವುದಂತೂ ಅಪಾಯ. ನಾಲ್ಕು ಸಾಕು.

ಮೊದಲನೆಯದು ಕುರ್ಚಿ. ಕೈ ಊರದೆ ಏಳುವುದು, ಕೂರುವುದು. ಪಾದ ನೆಲಕ್ಕೆ ಒತ್ತಿ ಏಳಿ, ಧೊಪ್ಪನೆ ಬೀಳದೆ ಮೂರು ಎಣಿಸುತ್ತಾ ಕೂರಿ. 8 ಸಲ ಆಗದಿದ್ದರೆ ಕುರ್ಚಿಯ ಮೇಲೆ ಮಡಚಿದ ಕಂಬಳಿ ಇಟ್ಟು ಎತ್ತರ ಮಾಡಿ. 12 ಸಲ ಸುಲಭವಾದರೆ ಎರಡು ಕಿಲೋ ಅಕ್ಕಿಯ ಚೀಲವನ್ನು ಎದೆಗೆ ಅಪ್ಪಿಕೊಳ್ಳಿ, ಮುಂದೆ ಐದು ಕಿಲೋ. ಈ "ಮುಂದೆ" ಎಂಬುದನ್ನು ಎಲ್ಲರೂ ಮರೆಯುತ್ತೀರಿ. ವರ್ಷವಿಡೀ ಅದೇ ಹತ್ತು ಸಲ ಮಾಡಿದರೆ ಸ್ನಾಯು ಇದ್ದಲ್ಲೇ ಇರುತ್ತದೆ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಭಾರ ಸಾಲದು.

ಎರಡನೆಯದು ಸೇತುವೆ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಕುಂಡೆ ಬಿಗಿ ಹಿಡಿದು ಮೇಲೆತ್ತಿ, ಐದು ಎಣಿಸಿ ಇಳಿಸಿ. ತೊಡೆಯ ಹಿಂಭಾಗ ಹಿಡಿದುಕೊಂಡರೆ ಹಿಮ್ಮಡಿಯನ್ನು ಇನ್ನಷ್ಟು ಹತ್ತಿರ ತನ್ನಿ. ಸೊಂಟದಲ್ಲೇ ಬಿಗಿತ ಬಂದರೆ ಅಷ್ಟು ಎತ್ತರ ಬೇಡ.

ಮೂರನೆಯದು ಮೀನಖಂಡಕ್ಕೆ. ಕಾಲಿನ ರಕ್ತವನ್ನು ಹೃದಯದ ಕಡೆಗೆ ತಳ್ಳುವುದು ಆ ಸ್ನಾಯುವಿನ ಹಿಂಡುವಿಕೆ. ಕಾಲು ಅಲ್ಲಾಡಿಸದೆ ಕುಳಿತವರ ಪಾದ ಸಂಜೆಗೆ ಊದುವುದು ಹೆಚ್ಚಾಗಿ ಇದರಿಂದಲೇ. ಬಾಗಿಲ ಚೌಕಟ್ಟು ಹಿಡಿದು ತುದಿಗಾಲಲ್ಲಿ ನಿಲ್ಲಿ, ನಿಧಾನ ಇಳಿಯಿರಿ, 10ರಿಂದ 15 ಸಲ. ಮೊಣಕಾಲು ನೇರ ಇಟ್ಟು ಒಂದು ಸುತ್ತು, ಸ್ವಲ್ಪ ಬಾಗಿಸಿ ಇನ್ನೊಂದು ಸುತ್ತು. ಒಳಗಿರುವ ಎರಡು ಸ್ನಾಯುಗಳಿಗೆ ಬೇರೆ ಬೇರೆ ಕೆಲಸ. ಎರಡು ಕಾಲಲ್ಲಿ ಸುಲಭವಾದ ಮೇಲೆ ಒಂದೇ ಕಾಲು. ಆದರೆ ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ, ಆ ದಿನವೇ ಆಸ್ಪತ್ರೆಗೆ ಹೋಗಿ.

ನಾಲ್ಕನೆಯದು ಬೆನ್ನಿಗೆ. ನೆಲ ಒರಸುವಾಗಿನಂತೆ ಮೊಣಕಾಲು, ಅಂಗೈ ಊರಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಐದು ಎಣಿಸಿ, ಆಮೇಲೆ ಬದಲಿಸಿ. ಬೆನ್ನ ಮೇಲೆ ಚಹಾದ ಲೋಟ ಇಟ್ಟಿದೆ ಅಂದುಕೊಳ್ಳಿ, ಚೆಲ್ಲಬಾರದು. ಭಾರ ಎತ್ತುವುದೂ ಇದರೊಡನೆಯೇ ಸೇರಿದ್ದು. ಎರಡೂ ಕೈಯಲ್ಲಿ ಪಾತ್ರೆ ಇದ್ದಾಗ ಬಾಗಿಲನ್ನು ಹಿಂಬದಿಯಿಂದ ದೂಡಿ ಮುಚ್ಚುತ್ತೇವಲ್ಲ, ಹಾಗೆ ಕುಂಡೆ ಹಿಂದಕ್ಕೆ ತಳ್ಳಿ ಬಾಗಿ, ಬೆನ್ನು ನೇರ ಇರಲಿ, ಕೊಡವನ್ನು ಮೈಗೆ ಹತ್ತಿರ ಹಿಡಿದು ಏಳಿ.

ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು ಇರಲಿ. ಒಂದೊಂದೂ ಎರಡು ಸುತ್ತು. ಬಿ.ಪಿ. ಇರುವವರು ಉಸಿರು ಕಟ್ಟಿ ಮಾಡಬೇಡಿ. ಗರ್ಭಿಣಿಯರು, ಗರ್ಭಕೋಶ ಜಾರಿದವರು ಮೊದಲು ಡಾಕ್ಟರನ್ನು ಕೇಳಿ. ಮರುದಿನ ಮಾಂಸಖಂಡ ನೋಯುವುದು ಸಹಜ. ಕಾಲಿಗೆ ಇಳಿಯುವ ಮಿಂಚಿನಂಥ ನೋವು ಸಹಜವಲ್ಲ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದು ಮರಗಟ್ಟಿದರೆ, ಕಾಲು ಎತ್ತಲಾಗದಿದ್ದರೆ ವ್ಯಾಯಾಮ ಬಿಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ. ಮತ್ತೆ ಊಟ! ಎಲ್ಲರಿಗೂ ಬಡಿಸಿ ಉಳಿದ ಗಂಜಿಯಲ್ಲಿ ಸ್ನಾಯು ಬೆಳೆಯುವುದಿಲ್ಲ. ಹೆಸರುಕಾಳು, ಮೊಟ್ಟೆ, ಮೀನು ನಿಮ್ಮ ಬಟ್ಟಲಿಗೂ ಬೀಳಲಿ.

ಮನೆಯಲ್ಲಿ ಗಂಡಸರು ನಗುತ್ತಾರೆ ಅನ್ನುವವರು ಸಂಘದ ಸಭೆಯಲ್ಲೇ ಮಾಡಿ. ಪುಸ್ತಕದ ಹಿಂದಿನ ಪುಟದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ, ಕೈ ಊರದೆ ಎಷ್ಟು ಸಲ ಎದ್ದರು ಎಂದು ಬರೆದಿಡಿ. ಮೂರು ತಿಂಗಳು ಬಿಟ್ಟು ನಾನು ಬಂದು ನೋಡುತ್ತೇನೆ. ಈಗ ಆ ಗೋಡೆ ಬದಿಯ ಕುರ್ಚಿಗಳನ್ನು ಇಲ್ಲಿ ತನ್ನಿ. ಅಧ್ಯಕ್ಷೆಯವರೇ, ಮೊದಲು ನೀವು.