ಒಂದು ಚೆಂಡೂ ಲೆಕ್ಕಕ್ಕೆ ಬರದ ಪಿಚರ್

ಇವತ್ತು ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಕಡೆ ಹೋಗೋಣ. ಅಲ್ಲಿ ರಿಲೀಫ್ ಪಿಚರ್ ಅಂತ ಇರ್ತಾನೆ. ಮೊದಲು ಚೆಂಡು ಎಸೀತಿದ್ದವನು ಸುಸ್ತಾದಾಗ ಅವನ ಜಾಗಕ್ಕೆ ಬರೋನು. ಅಲ್ಲಿವರೆಗೂ ಕಾಯೋದೇ ಕೆಲಸ.

1971ರ ಸೆಪ್ಟೆಂಬರ್ 15. ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಲ್ಯಾರಿ ಯೌಂಟ್‌ಗೆ ಆಗ 21 ವರ್ಷ. ಮೇಜರ್ ಲೀಗ್‌ನಲ್ಲಿ ಮೊದಲ ಪಂದ್ಯ. ಅಟ್ಲಾಂಟಾ ಬ್ರೇವ್ಸ್ ವಿರುದ್ಧ 9ನೇ ಇನಿಂಗ್ಸ್‌ಗೆ ಅವನನ್ನ ಕರೆದರು, ಮೈಕಲ್ಲಿ ಹೆಸರು ಹೇಳಿದರು. ವಾರ್ಮ್‌ಅಪ್‌ಗೆ ಅಂತ ಕೆಲವು ಚೆಂಡು ಎಸೆದ, ಅಷ್ಟೇ. ಮೊಣಕೈ ನೋವು ತಡೆಯೋಕಾಗಲಿಲ್ಲ. ಒಬ್ಬ ಬ್ಯಾಟರ್‌ಗೂ ಎಸೆಯದೆ ಹೊರಗೆ ನಡೆದ. ಮತ್ತೆ ಮೇಜರ್ ಲೀಗ್ ಮೈದಾನಕ್ಕೆ ಇಳಿಯೋ ಅವಕಾಶ ಸಿಗಲೇ ಇಲ್ಲ.

ಆದರೆ ಹೆಸರು ಘೋಷಣೆ ಆಗಿತ್ತಲ್ಲ, ನಿಯಮದ ಪ್ರಕಾರ ಅವನು ಪಂದ್ಯ ಆಡಿದ ಹಾಗೇ. ದಾಖಲೆಯಲ್ಲಿ ಇವತ್ತಿಗೂ ಇದೆ: ಪಂದ್ಯ 1, ಎದುರಿಸಿದ ಬ್ಯಾಟರ್ 0.

ಬೇಸ್‌ಬಾಲ್ ಹುಚ್ಚರಿಗೆ ಇದು ಮೆಚ್ಚಿನ ಕ್ವಿಜ್ ಪ್ರಶ್ನೆ. ಕೇಳಿ ನಗ್ತಾರೆ. ನನಗಂತೂ ನಗು ಬರಲ್ಲ. ಆವತ್ತು ಹಠ ಮಾಡಿ ಒಂದೇ ಒಂದು ಚೆಂಡು ಎಸೆದಿದ್ದರೆ ಕೈ ಹೋಗ್ತಿತ್ತೇನೋ, ಯಾರಿಗೆ ಗೊತ್ತು? 21ರಲ್ಲಿ ಯಾರೇ ಆದರೂ ಮುಂದಿನ ಸಲ ನೋಡೋಣ ಅಂತಲೇ ಅಂದುಕೊಳ್ಳೋದು.

ಮರುದಿನ ಅವನ ತಮ್ಮ ರಾಬಿನ್‌ಗೆ 16 ತುಂಬಿತು. ಈ ಹುಡುಗ ಮುಂದೆ ಮಿಲ್ವಾಕೀ ಬ್ರೂವರ್ಸ್‌ಗೆ 20 ಸೀಸನ್ ಆಡಿದ, 3,142 ಹಿಟ್ ಹೊಡೆದ, ಹಾಲ್ ಆಫ್ ಫೇಮ್ ಸೇರಿದ. ಅವನ ಏಜೆಂಟ್ ಆಗಿದ್ದವನು ಯಾರು ಗೊತ್ತಾ? ಅಣ್ಣ ಲ್ಯಾರಿನೇ.