ರಾಜಿ ಯಾರ ನಡುವೆ?

 

ಪೀಣ್ಯದ ಕೆಲಸಕ್ಕೆಂದು ಊರು ಬಿಟ್ಟು ಬಾಗಲಗುಂಟೆಯಲ್ಲಿ ನೆಲೆಸಿದ ಅನೇಕರಿಗೆ ಊರಿನ ಜಮೀನಿನ ವ್ಯಾಜ್ಯ ಇದ್ದದ್ದೇ. ಅಂಥ ಮಾತು ಬಂದಾಗ, ಜಪಾನೀಯರನ್ನು ನೋಡಿ, ಕೋರ್ಟು ಹತ್ತುವುದೇ ಕಡಿಮೆ ಎನ್ನುತ್ತೇವೆ. ನಿಜ. ರಾಜಕುಮಾರ ಶೋತೊಕುವಿನ ಹೆಸರಿನಲ್ಲಿರುವ ಕ್ರಿ.ಶ. 604ರ 17 ವಿಧಿಗಳಲ್ಲಿ ಮೊದಲನೆಯದೇ ಸಾಮರಸ್ಯ. ಆದರೆ ಸ್ವಭಾವವೊಂದೇ ಕಾರಣವಲ್ಲ. ಅಲ್ಲಿ ವಕೀಲರು, ನ್ಯಾಯಾಧೀಶರೂ ಬಹುಕಾಲ ಕಡಿಮೆಯೇ ಇದ್ದರು. ನಮ್ಮಲ್ಲೂ ಸಿರಿಗೆರೆ ತರಳಬಾಳು ಮಠದಲ್ಲಿ ಸೋಮವಾರ ಸದ್ಧರ್ಮ ನ್ಯಾಯಪೀಠ ಕೂಡುತ್ತದೆ. ಎಷ್ಟೋ ಕುಟುಂಬಗಳ ಜಗಳ ಅಲ್ಲಿ ತೀರಿದೆ. ರಾಜಿ ಒಳ್ಳೆಯದೇ.

ಆದರೆ ಜಪಾನಿನದೇ ಇನ್ನೊಂದು ಸಂಗತಿ ಕೇಳಿ. ಮಿನಮಾಟ ಎಂಬ ಕಡಲೂರಿನಲ್ಲಿ ಚಿಸ್ಸೊ ಕಾರ್ಖಾನೆ ಪಾದರಸದ ಕೊಳಚೆಯನ್ನು ಸಮುದ್ರಕ್ಕೆ ಬಿಟ್ಟಿತು. ಅಲ್ಲಿಯ ಮೀನು ತಿಂದವರ ನರಗಳು ಕೆಟ್ಟವು. 1956ರಲ್ಲಿ ರೋಗ ಬೆಳಕಿಗೆ ಬಂತು. 1959ರಲ್ಲಿ ದೊಡ್ಡವರ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ಸ್ವಲ್ಪ ಹಣ, ಜೊತೆಗೊಂದು ಷರತ್ತು: ಮುಂದೆ ಕಾರ್ಖಾನೆಯದೇ ತಪ್ಪೆಂದು ಗೊತ್ತಾದರೂ ಮತ್ತೆ ಪರಿಹಾರ ಕೇಳುವಂತಿಲ್ಲ. ಕಷ್ಟದಲ್ಲಿದ್ದವರು ಒಪ್ಪಿಕೊಂಡರು. 1969ರಲ್ಲಿ ಕೆಲವು ಕುಟುಂಬಗಳು ಊರವರ ಮುನಿಸಿಗೆ ಅಂಜದೆ ದಾವೆ ಹೂಡಿದವು. 1973ರಲ್ಲಿ ಕುಮಾಮೊಟೊ ನ್ಯಾಯಾಲಯ ಆ ರಾಜಿಯೇ ಅನೂರ್ಜಿತ ಎಂದಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆ. ಅಪ್ಪ ಲಿಂಗೈಕ್ಯರಾದ ಮೇಲೆ ಹಿರಿಯರು ಕೂತು ಪಾಲು ಮಾಡಿದರು. ತಂಗಿಗೆ ಸೀರೆ, ಅರಿಶಿನ ಕುಂಕುಮ. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿ ಆಗಲೇ ಬಂದಿತ್ತು. ಸರ್ಕಾರಿ ಇಂಜಿನಿಯರ್ ಆಗಿದ್ದ ನನಗೆ ಅದು ಗೊತ್ತಿತ್ತು. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಗೆ ಅವಳು ಸಹಿ ಹಾಕಿದಳು. ‘ಜಗಳವಿಲ್ಲದೆ ಮುಗಿಯಿತು’ ಎಂದರು ಎಲ್ಲರೂ. ನಾನೂ ಅಂದೆ.

ಬಿರುಕಿನ ಮೇಲೆ ಗಾರೆ ಬಳಿದರೆ ಬಿರುಕು ಕಾಣುವುದಿಲ್ಲ, ಅಷ್ಟೇ, ಪಾಯ ನೋಡಬೇಕು. ಬಸವಣ್ಣನವರ ಅನುಭವ ಮಂಟಪದ ಪಾಯ ಸಮಾನತೆ. ಅಲ್ಲಿ ಅಲ್ಲಮಪ್ರಭುಗಳ ಕಠಿಣ ಪ್ರಶ್ನೆಗೂ ಅಕ್ಕಮಹಾದೇವಿ ಅಂಜದೆ ಉತ್ತರ ಕೊಟ್ಟರು. ಮಠದಲ್ಲಾಗಲಿ ಮನೆಯಲ್ಲಾಗಲಿ ರಾಜಿ ಮಾಡಿಸುವವರು ಮೊದಲು ಕೇಳಬೇಕಾದ್ದು ಇದೇ: ಇಲ್ಲಿ ಅಶಕ್ತರು ‘ಒಲ್ಲೆ’ ಎನ್ನಬಲ್ಲರೇ? ಎನ್ನಲಾರದಿದ್ದರೆ ಅದು ಶಾಂತಿಯಲ್ಲ. ಅಂಥವರು ಕೋರ್ಟಿಗೆ ಹೋದರೆ ಜಗಳಗಂಟರೆನ್ನಬೇಡಿ.

ಹೋದ ವರ್ಷ ತಂಗಿಗೆ ಸಲ್ಲಬೇಕಾದ ಜಮೀನನ್ನು ನನ್ನ ಪಾಲಿನಿಂದ ಅವಳ ಹೆಸರಿಗೆ ನೋಂದಣಿ ಮಾಡಿಸಿದೆ. ಅವಳು ಅಂದದ್ದು ಒಂದೇ ಮಾತು: ‘ಅವತ್ತು ಒಬ್ಬರಾದರೂ ನನ್ನ ಕೇಳಬೇಕಿತ್ತು ಅಣ್ಣಾ.’